ನಿಮ್ಮ ಕಾರ್ಖಾನೆಯಲ್ಲಿ ಕಲಿತವರಿಗೆ ಸರ್ಕಾರದ ಸರ್ಟಿಫಿಕೇಟ್: ಅಪ್ರೆಂಟಿಸ್ ನೋಂದಣಿ ಹಂತ ಹಂತವಾಗಿ

ಪೀಣ್ಯದ ಟೂಲ್ ರೂಮ್‌ನವರು ಕೇಳುತ್ತಾರೆ, ಬೆಳಗಾವಿ ಉದ್ಯಮಬಾಗ್‌ನ ಫೌಂಡ್ರಿಯವರು ಕೇಳುತ್ತಾರೆ, ಹುಬ್ಬಳ್ಳಿಯ ಆಟೊಮೊಬೈಲ್ ಸರ್ವಿಸ್ ಸೆಂಟರಿನವರೂ ಕೇಳುತ್ತಾರೆ: "ನಮ್ಮಲ್ಲಿ ಹುಡುಗರು ಎರಡು ಮೂರು ವರ್ಷ ಚೆನ್ನಾಗಿ ಕಲಿಯುತ್ತಾರೆ. ಆದರೆ ನಾವು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಸರ್ಟಿಫಿಕೇಟ್ ಬೇರೆ ಕಡೆ ನಡೆಯುವುದಿಲ್ಲ. ತರಬೇತಿ ಕೊಡಲು ಸರ್ಕಾರದ ಮಾನ್ಯತೆ ಪಡೆಯುವುದು ಹೇಗೆ?"

ಈ ಪ್ರಶ್ನೆಯೊಳಗೆ ಒಂದು ತಪ್ಪು ಕಲ್ಪನೆ ಅಡಗಿದೆ. ಗೋಡೆಗೆ ತೂಗುಹಾಕುವ ಒಂದು ಲೈಸೆನ್ಸ್ ಸಿಕ್ಕಿಬಿಟ್ಟರೆ ಅಲ್ಲಿಂದ ಮುಂದೆ ನಾವು ಕಲಿಸಿದ್ದೆಲ್ಲ ಮಾನ್ಯ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಮಾನ್ಯತೆ ಇರುವುದು ಒಂದೊಂದು ಒಪ್ಪಂದಕ್ಕೆ. ಯಾವ ಅಭ್ಯರ್ಥಿ, ಯಾವ ಟ್ರೇಡ್, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆದ ಒಪ್ಪಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಯಾಗಿದ್ದರೆ ಆ ತರಬೇತಿ ಲೆಕ್ಕಕ್ಕೆ ಬರುತ್ತದೆ. ಇಲ್ಲದಿದ್ದರೆ ಎಷ್ಟೇ ನಿಷ್ಠೆಯಿಂದ ಕಲಿಸಿದ್ದರೂ ಕಾನೂನಿನ ಕಣ್ಣಿಗೆ ಅದು ಬರೀ ಕೆಲಸ.

ಐಟಿಐ ತೆರೆಯುವುದು, ಕೌಶಲ ತರಬೇತಿ ಕೇಂದ್ರ ನಡೆಸುವುದು ಬೇರೆಯೇ ವ್ಯವಹಾರ. ಅದಕ್ಕೆ ಕಟ್ಟಡ, ಬೋಧಕರು, ಸಂಯೋಜನೆ ಎಂದು ಪ್ರತ್ಯೇಕ ನಿಯಮಗಳಿವೆ. ಇಲ್ಲಿ ಹೇಳುವುದು ಈಗಾಗಲೇ ಉದ್ಯಮ ನಡೆಸುತ್ತ, ತಮ್ಮ ಜಾಗದಲ್ಲೇ ಕಲಿಸಬೇಕೆನ್ನುವವರಿಗೆ.

ಮೊದಲು ಕೆಲವು ಪದಗಳು

ಕಾಗದಪತ್ರಗಳಲ್ಲಿ ಅಪ್ರೆಂಟಿಸ್‌ಗೆ "ಶಿಶಿಕ್ಷು" ಎನ್ನುತ್ತಾರೆ, ಅವರಿಗೆ ಕೊಡುವ ಹಣ "ಶಿಷ್ಯವೇತನ". ಅದು ಸಂಬಳವಲ್ಲ.

"ನಿಗದಿತ ಟ್ರೇಡ್" ಎಂದರೆ ಸರ್ಕಾರವೇ ಅಧಿಸೂಚನೆ ಹೊರಡಿಸಿ ಪಠ್ಯಕ್ರಮ, ಅವಧಿ ಎಲ್ಲವನ್ನೂ ಗೊತ್ತುಮಾಡಿದ ವೃತ್ತಿ: ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ವೆಲ್ಡರ್ ಇತ್ಯಾದಿ. "ಐಚ್ಛಿಕ ಟ್ರೇಡ್" ಎಂದರೆ ಆ ಪಟ್ಟಿಯಲ್ಲಿ ಇಲ್ಲದ್ದು. ಅದರ ಪಠ್ಯಕ್ರಮವನ್ನು ಉದ್ಯಮವೋ ಆಯಾ ಕ್ಷೇತ್ರದ ಕೌಶಲ ಮಂಡಳಿಯೋ ರೂಪಿಸಿರುತ್ತದೆ. ಅಂಗಡಿ, ಹೋಟೆಲು, ಗೋದಾಮು, ಕಚೇರಿಯ ಕೆಲಸಗಳು ಹೆಚ್ಚಾಗಿ ಇದರಲ್ಲಿ ಬರುತ್ತವೆ.

"ಮೂಲ ತರಬೇತಿ" ಎಂದರೆ ಐಟಿಐ ಓದದೆ ನೇರವಾಗಿ ಬಂದವರಿಗೆ ಯಂತ್ರದ ಹತ್ತಿರ ಬಿಡುವ ಮುನ್ನ ಕೊಡಬೇಕಾದ ಪಾಠ. "ಅಪ್ರೆಂಟಿಸ್‌ಶಿಪ್ ಸಲಹೆಗಾರ" ಎಂಬ ಹೆಸರು ಕೇಳಿ ಮೋಸಹೋಗಬೇಡಿ. ಇವರು ಸಲಹೆ ಕೊಟ್ಟು ಸುಮ್ಮನಾಗುವವರಲ್ಲ, ಒಪ್ಪಂದ ನೋಂದಾಯಿಸುವ, ತಪಾಸಣೆ ಮಾಡುವ ಅಧಿಕಾರಿ.

ಹಂತ 1: ನಿಮಗೆ ಇದು ಕಡ್ಡಾಯವೋ, ಐಚ್ಛಿಕವೋ?

2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇದ್ದರೆ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ನಾಲ್ಕಕ್ಕಿಂತ ಕಡಿಮೆ ಇದ್ದರೆ ಅವಕಾಶವಿಲ್ಲ.

ಎಣಿಕೆಯಲ್ಲಿ ತಪ್ಪುವುದು ಇಲ್ಲೇ. ಗುತ್ತಿಗೆದಾರರ ಕಡೆಯವರನ್ನೂ ಸೇರಿಸಿ ಎಣಿಸಬೇಕು. "ನಮ್ಮ ರೋಲ್‌ನಲ್ಲಿ 22 ಜನ, ಪ್ಯಾಕಿಂಗ್‌ನ 15 ಜನ ಕಂಟ್ರಾಕ್ಟರ್ ಕಡೆಯವರು" ಎಂದರೆ ನಿಮ್ಮ ಸಂಖ್ಯೆ 37, ನೀವು ಕಡ್ಡಾಯದ ಗುಂಪಿನಲ್ಲಿದ್ದೀರಿ.

ತೆಗೆದುಕೊಳ್ಳಬೇಕಾದ ಸಂಖ್ಯೆ ಒಟ್ಟು ಕೆಲಸಗಾರರ ಶೇ. 2.5ರಿಂದ ಶೇ. 15ರ ನಡುವೆ ಇರಬೇಕು. 40 ಜನರ ಘಟಕಕ್ಕೆ ಕನಿಷ್ಠ 1, ಗರಿಷ್ಠ 6. 80 ಜನರ ಘಟಕಕ್ಕೆ ಕನಿಷ್ಠ 2, ಗರಿಷ್ಠ 12. ಮೊದಲ ವರ್ಷವೇ ಗರಿಷ್ಠಕ್ಕೆ ಕೈಹಾಕಬೇಡಿ. ಕಲಿಸಬಲ್ಲ ಒಬ್ಬ ಹಿರಿಯ ಕೆಲಸಗಾರನ ಕೈಕೆಳಗೆ ನಾಲ್ವರಿಗಿಂತ ಹೆಚ್ಚು ಹುಡುಗರು ಬಂದರೆ ಅವನ ಕೆಲಸವೂ ಕೆಡುತ್ತದೆ, ಇವರ ಕಲಿಕೆಯೂ ಕೆಡುತ್ತದೆ.

ಹಂತ 2: ಯಾವ ಕಚೇರಿ, ಯಾವ ಯೋಜನೆ?

ನಿಮ್ಮ ವ್ಯವಹಾರ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಹರಡಿದ್ದರೆ, ಅಥವಾ ನೀವು ಕೇಂದ್ರ ಸರ್ಕಾರಿ ಉದ್ಯಮವಾಗಿದ್ದರೆ, ನಿಮ್ಮ ಅಧಿಕಾರಿ ಕೇಂದ್ರದ ಕಡೆಯವರು. ಅವರ ಪ್ರಾದೇಶಿಕ ಕೌಶಲಾಭಿವೃದ್ಧಿ ಮತ್ತು ಉದ್ಯಮಶೀಲತಾ ನಿರ್ದೇಶನಾಲಯ ಬೆಂಗಳೂರಿನಲ್ಲಿದೆ. ಕರ್ನಾಟಕದೊಳಗಿನ ಸಣ್ಣ, ಮಧ್ಯಮ ಘಟಕಗಳೆಲ್ಲ ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಯಾರನ್ನು ಕಾಣಬೇಕೆಂದು ತಿಳಿಯದಿದ್ದರೆ ಜಿಲ್ಲೆಯ ಸರ್ಕಾರಿ ಐಟಿಐಗೆ ಹೋಗಿ ಅಪ್ರೆಂಟಿಸ್ ವಿಭಾಗ ನೋಡಿಕೊಳ್ಳುವವರು ಯಾರು ಎಂದು ಕೇಳಿ. ಹತ್ತು ಫೋನ್ ಮಾಡುವುದಕ್ಕಿಂತ ಇದು ಬೇಗ.

ಇನ್ನು ಯೋಜನೆ. ಐಟಿಐ ಆದವರು, ಹತ್ತನೇ ತರಗತಿ, ಪಿಯುಸಿ ಮುಗಿಸಿದವರು ನಿಮಗೆ ಬೇಕೆಂದರೆ ಕೌಶಲಾಭಿವೃದ್ಧಿ ಸಚಿವಾಲಯದ "ನ್ಯಾಪ್ಸ್" ಯೋಜನೆ. 2016ರಲ್ಲಿ ಶುರುವಾದ ಇದರ ನೋಂದಣಿ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ. ಡಿಪ್ಲೊಮಾ, ಬಿಇ ಅಥವಾ ಬೇರೆ ಪದವಿ ಆದವರಿಗಾಗಿ ಶಿಕ್ಷಣ ಸಚಿವಾಲಯದ "ನ್ಯಾಟ್ಸ್" ಯೋಜನೆ ಇದೆ. ಅದಕ್ಕೆ ಬೇರೆ ಪೋರ್ಟಲ್, ನಮ್ಮ ಭಾಗಕ್ಕೆ ಅದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈನಲ್ಲಿದೆ. ಎರಡರ ಹೆಸರೂ ಹತ್ತಿರ ಹತ್ತಿರ ಇರುವುದರಿಂದ ಐಟಿಐ ಹುಡುಗನನ್ನು ನ್ಯಾಟ್ಸ್‌ನಲ್ಲಿ ಹುಡುಕುತ್ತ ವಾರ ಕಳೆಯುವವರಿದ್ದಾರೆ. ಮುಂದಿನ ವಿವರವೆಲ್ಲ ನ್ಯಾಪ್ಸ್‌ನದು.

ಹಂತ 3: ಸಂಸ್ಥೆಯ ನೋಂದಣಿ

ಪೋರ್ಟಲ್‌ಗೆ ಹೋಗುವ ಮುನ್ನ ಇವನ್ನು ಕೈಯಲ್ಲಿಟ್ಟುಕೊಳ್ಳಿ: ಸಂಸ್ಥೆಯ ಪ್ಯಾನ್, ಟ್ಯಾನ್, ಜಿಎಸ್‌ಟಿ ನೋಂದಣಿ ಪತ್ರ, ಪಿಎಫ್ ಕೋಡ್, ಬ್ಯಾಂಕ್ ವಿವರ, ಖಾಯಂ ಮತ್ತು ಗುತ್ತಿಗೆ ಕೆಲಸಗಾರರ ಸಂಖ್ಯೆ, ಜೊತೆಗೆ ಸಹಿ ಹಾಕುವ ಅಧಿಕಾರ ಇರುವವರ ಮೊಬೈಲ್ ಮತ್ತು ಇ-ಮೇಲ್.

ಎರಡು ಎಚ್ಚರಿಕೆ. ಹೆಸರು ಎಲ್ಲ ಕಾಗದದಲ್ಲೂ ಒಂದೇ ಇರಬೇಕು. ಜಿಎಸ್‌ಟಿಯಲ್ಲಿ "ಎಂಟರ್‌ಪ್ರೈಸಸ್", ಪ್ಯಾನ್‌ನಲ್ಲಿ ಮಾಲೀಕರ ಸ್ವಂತ ಹೆಸರು, ಪಿಎಫ್‌ನಲ್ಲಿ ಹಳೆಯ ಪಾಲುದಾರಿಕೆಯ ಹೆಸರು ಎಂದಿದ್ದರೆ ಪರಿಶೀಲನೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಕನ್ಸಲ್ಟೆಂಟ್‌ನ ಇ-ಮೇಲ್ ಮತ್ತು ಮೊಬೈಲ್ ಕೊಟ್ಟು ಖಾತೆ ತೆರೆಯಬೇಡಿ. ನಾಳೆ ಅವರು ಫೋನ್ ಎತ್ತದಿದ್ದರೆ ಓಟಿಪಿ ಬರುವುದು ಅವರಿಗೇ, ನಿಮ್ಮ ಅಪ್ರೆಂಟಿಸ್‌ಗಳ ಒಪ್ಪಂದವೆಲ್ಲ ಅವರ ಕೈಯಲ್ಲಿ. ಮಾಲೀಕರ ಅಥವಾ ಎಚ್‌ಆರ್ ವಿಭಾಗದ, ವ್ಯಕ್ತಿ ಬದಲಾದರೂ ಉಳಿಯುವ ಇ-ಮೇಲ್ ಕೊಡಿ.

ಒಂದಕ್ಕಿಂತ ಹೆಚ್ಚು ಘಟಕಗಳಿದ್ದರೆ ತರಬೇತಿ ನಡೆಯುವ ಜಾಗದ ವಿಳಾಸ ಸೇರಿಸುವುದನ್ನು ಮರೆಯಬೇಡಿ. ಕಚೇರಿ ರಾಜಾಜಿನಗರದಲ್ಲಿ, ಯಂತ್ರಗಳು ದಾಬಸ್‌ಪೇಟೆಯಲ್ಲಿ ಇದ್ದರೆ ತಪಾಸಣೆಗೆ ಬಂದವರು ರಾಜಾಜಿನಗರದಲ್ಲಿ ಲೇತ್ ಹುಡುಕುತ್ತಾರೆ.

ಹಂತ 4: ಟ್ರೇಡ್ ಆಯ್ಕೆ ಮತ್ತು ತರಬೇತಿಯ ಯೋಜನೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಈ ಹಂತಕ್ಕೆ, ಎಲ್ಲರೂ ಅವಸರ ಮಾಡುವುದೂ ಇಲ್ಲೇ.

ನಿಗದಿತ ಟ್ರೇಡ್ ಆಯ್ದರೆ ಅದರ ಪಠ್ಯಕ್ರಮವನ್ನು ಇಳಿಸಿಕೊಂಡು, ಒಂದು ಪೆನ್ನು ಹಿಡಿದು ಸಾಲುಸಾಲಾಗಿ ಗುರುತು ಹಾಕಿ: ಈ ಕೌಶಲ ನಮ್ಮಲ್ಲಿ ಕಲಿಸಬಹುದೇ, ಯಾವ ಯಂತ್ರದಲ್ಲಿ, ಯಾರು ಕಲಿಸುತ್ತಾರೆ? ಅರ್ಧದಷ್ಟು ಸಾಲುಗಳ ಎದುರು ಏನೂ ಬರೆಯಲಾಗದಿದ್ದರೆ ಆ ಟ್ರೇಡ್ ನಿಮ್ಮದಲ್ಲ.

ಒಂದು ಉದಾಹರಣೆ. ಪೂರ್ತಿ ಸಿಎನ್‌ಸಿ ಯಂತ್ರಗಳೇ ಇರುವ ಘಟಕ ಫಿಟ್ಟರ್ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತದೆ. ಹುಡುಗರು ವರ್ಷವಿಡೀ ಕಾಂಪೊನೆಂಟ್ ಲೋಡ್ ಮಾಡುತ್ತಾರೆ, ಬಟನ್ ಒತ್ತುತ್ತಾರೆ, ಏರ್ ಗನ್ನಿನಲ್ಲಿ ಚಿಪ್ಸ್ ಹಾರಿಸುತ್ತಾರೆ. ಪರೀಕ್ಷೆಗೆ ಹೋದಾಗ ಬೆಂಚ್ ವೈಸ್‌ನಲ್ಲಿ ತುಂಡು ಕಟ್ಟಿ, ಫೈಲ್ ಹಿಡಿದು, ಟ್ರೈ ಸ್ಕ್ವೇರ್‌ನಲ್ಲಿ ಬೆಳಕು ನೋಡಿ ಫಿಟ್ಟಿಂಗ್ ಮಾಡಬೇಕು. ಐಟಿಐನಲ್ಲಿ ಕಲಿತದ್ದೂ ಅಷ್ಟರಲ್ಲಿ ಕೈ ಬಿಟ್ಟುಹೋಗಿರುತ್ತದೆ. ಅಂಥ ಘಟಕಕ್ಕೆ ಮೆಷಿನಿಸ್ಟ್, ಟರ್ನರ್ ಅಥವಾ ಸಿಎನ್‌ಸಿಗೆ ಸಂಬಂಧಿಸಿದ ಐಚ್ಛಿಕ ಟ್ರೇಡ್ ಸರಿಹೊಂದುತ್ತದೆ. ಫಿಟ್ಟರ್‌ಗಳೇ ಬೇಕೆಂದರೆ ಮೂಲೆಯಲ್ಲಿ ಒಂದು ವರ್ಕ್‌ಬೆಂಚ್, ಪ್ರತಿ ಹುಡುಗನಿಗೆ ಒಂದು ವೈಸ್ ಮತ್ತು ಒಂದು ಸೆಟ್ ಫೈಲ್, ಒಂದು ಸರ್ಫೇಸ್ ಪ್ಲೇಟ್, ಒಂದು ಪಿಲ್ಲರ್ ಡ್ರಿಲ್ ಹಾಕಿ, ವಾರಕ್ಕೊಂದು ದಿನ ಅಲ್ಲಿ ನಿಲ್ಲಿಸಿ.

ಐಟಿಐ ಮುಗಿಸಿದ ಟರ್ನರ್‌ಗೆ ಒಂದು ವರ್ಷದ ಯೋಜನೆಯನ್ನು ಹೀಗೆ ಹಾಕಬಹುದು. ಮೊದಲ ಎರಡು ವಾರ ಸುರಕ್ಷತೆ ಮತ್ತು ಅಳತೆ: 0.02 ಮಿ.ಮೀ. ವರ್ನಿಯರ್, 0.01 ಮಿ.ಮೀ. ಮೈಕ್ರೊಮೀಟರ್, ಡಯಲ್ ಗೇಜ್. ಒಂದೇ ತುಂಡನ್ನು ಐದು ಸಲ ಅಳೆದು ಐದೂ ಸಲ ಒಂದೇ ಓದು ಬರುವವರೆಗೆ ಯಂತ್ರದ ಹತ್ತಿರ ಬಿಡಬೇಡಿ. ಆಮೇಲೆ ಆರು ವಾರ ಟೂಲ್ ಗ್ರೈಂಡಿಂಗ್, ಫೇಸಿಂಗ್, ಸಾದಾ ಟರ್ನಿಂಗ್. ಅಲ್ಲಿಂದ ನಾಲ್ಕು ತಿಂಗಳು ಟೇಪರ್, ಬೋರಿಂಗ್, ಥ್ರೆಡ್ ಕಟಿಂಗ್, ಫೋರ್-ಜಾ ಚಕ್‌ನಲ್ಲಿ ವಕ್ರ ತುಂಡು ಕಟ್ಟುವುದು. ಉಳಿದ ಅವಧಿಯಲ್ಲಿ ಸಿಎನ್‌ಸಿ: ಆಫ್‌ಸೆಟ್, ಇನ್ಸರ್ಟ್ ಬದಲಿಸುವುದು, ಪ್ರೋಗ್ರಾಂ ಓದುವುದು. ಕೊನೆಯ ಒಂದು ತಿಂಗಳು ಕ್ವಾಲಿಟಿ ವಿಭಾಗದಲ್ಲಿ. ಈ ಕೊನೆಯ ತಿಂಗಳನ್ನು ಬಹಳ ಮಂದಿ ತಿಂದುಬಿಡುತ್ತಾರೆ. ತಿನ್ನಬಾರದು, ತಾನು ಮಾಡಿದ ತುಂಡು ಏಕೆ ತಿರಸ್ಕೃತವಾಯಿತು ಎಂಬುದು ಹುಡುಗನಿಗೆ ಅರ್ಥವಾಗುವುದು ಅಲ್ಲಿ.

ಐಚ್ಛಿಕ ಟ್ರೇಡ್ ಆದರೆ ಅವಧಿ 6ರಿಂದ 36 ತಿಂಗಳು. ಸ್ವಂತ ಪಠ್ಯಕ್ರಮ ಬರೆಯಲು ಹೊರಡುವ ಮುನ್ನ ನಿಮ್ಮ ಕ್ಷೇತ್ರದ ಕೌಶಲ ಮಂಡಳಿಯದ್ದು (ಗ್ಯಾರೇಜಿನವರಿಗೆ ಆಟೊಮೋಟಿವ್ ಮಂಡಳಿ, ಗಾರ್ಮೆಂಟ್‌ನವರಿಗೆ ಉಡುಪು ಮಂಡಳಿ, ಅಂಗಡಿಯವರಿಗೆ ಚಿಲ್ಲರೆ ವ್ಯಾಪಾರದ ಮಂಡಳಿ) ಪೋರ್ಟಲ್‌ನಲ್ಲಿ ಸಿದ್ಧವಿದೆಯೇ ನೋಡಿ. ಸಣ್ಣ ಘಟಕಗಳಿಗೆ ಸಿದ್ಧವಿರುವುದನ್ನು ಬಳಸುವುದೇ ಜಾಣತನ. ಕೊನೆಯಲ್ಲಿ ಮೌಲ್ಯಮಾಪನ ಯಾರು ಮಾಡುತ್ತಾರೆ ಎಂಬ ತಲೆನೋವು ಅದರಲ್ಲಿ ಇರುವುದಿಲ್ಲ.

ಹಂತ 5: ಮೂಲ ತರಬೇತಿ ಎಲ್ಲಿ?

ಆ ಟ್ರೇಡ್‌ನಲ್ಲೇ ಐಟಿಐ ಮುಗಿಸಿದವರಿಗೆ ಇದು ಬೇಕಿಲ್ಲ. ಹತ್ತನೇ ತರಗತಿ ಮುಗಿಸಿ ನೇರವಾಗಿ ಬಂದವರಿಗೆ ಮಾತ್ರ ಪ್ರಾಯೋಗಿಕ ತರಬೇತಿಗೆ ಮುನ್ನ ಇದು ಆಗಲೇಬೇಕು. ಸೌಕರ್ಯವಿದ್ದರೆ ನಿಮ್ಮಲ್ಲೇ ಕೊಡಬಹುದು. ಆದರೆ ಉತ್ಪಾದನೆಯ ಸಾಲಿನಿಂದ ಬೇರೆಯಾದ ಜಾಗ ಮತ್ತು ಕಲಿಸುವವರು ಬೇಕು, ಮೂಲ ತರಬೇತಿದಾರರಾಗಿ ಪ್ರತ್ಯೇಕ ನೋಂದಣಿಯೂ ಆಗಬೇಕು. ಇಲ್ಲವಾದರೆ ಹತ್ತಿರದ ಐಟಿಐ ಜೊತೆ ಒಪ್ಪಂದ ಮಾಡಿಕೊಳ್ಳಿ. ಮೊದಲ ಬಾರಿಯವರು ಐಟಿಐ ಮುಗಿಸಿದವರನ್ನೇ ತೆಗೆದುಕೊಂಡು ಈ ಹಂತವನ್ನೇ ದಾಟಿಬಿಡುವುದು ಸುಲಭ.

ಥಿಯರಿ ತರಗತಿಯ ವಿಷಯ ಒಂದಿದೆ. ಆ ಹೊತ್ತು ಸಂಬಳವಿಲ್ಲದ ಹೊತ್ತಲ್ಲ. ಕಾಯ್ದೆಯ ಪ್ರಕಾರ ತರಗತಿಯಲ್ಲಿ ಕೂತ ಸಮಯವೂ ಶಿಷ್ಯವೇತನಕ್ಕೆ ಸೇರಿದ ಕೆಲಸದ ಸಮಯವೇ.

ಹಂತ 6: ಹಣದ ಲೆಕ್ಕ

2019ರ ನಿಯಮಗಳು ಗೊತ್ತುಮಾಡಿದ ಕನಿಷ್ಠ ಮಾಸಿಕ ಶಿಷ್ಯವೇತನ ಹೀಗಿತ್ತು: 5ರಿಂದ 9ನೇ ತರಗತಿ ಓದಿದವರಿಗೆ 5,000 ರೂ., ಹತ್ತನೇ ತರಗತಿಗೆ 6,000, ಪಿಯುಸಿ ಅಥವಾ ಐಟಿಐಗೆ 7,000, ಡಿಪ್ಲೊಮಾಗೆ 8,000, ಪದವಿಗೆ 9,000. ಎರಡನೇ ವರ್ಷ ಕನಿಷ್ಠ ಮೊತ್ತದ ಮೇಲೆ ಶೇ. 10, ಮೂರನೇ ವರ್ಷ ಇನ್ನೂ ಶೇ. 15 ಹೆಚ್ಚಳ. ಈ ದರಗಳನ್ನು ಶೇ. 36ರಷ್ಟು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆದ್ದರಿಂದ ಒಪ್ಪಂದ ಬರೆಯುವ ದಿನ ಪೋರ್ಟಲ್‌ನಲ್ಲಿ ಕಾಣುವ ದರವನ್ನೇ ಹಾಕಿ, ಹಿಂದಿನ ವರ್ಷದ ಎಕ್ಸೆಲ್ ಹಾಳೆಯನ್ನಲ್ಲ.

ನ್ಯಾಪ್ಸ್‌ನಲ್ಲಿ ನಿಗದಿತ ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂ. ಮಿತಿಯಲ್ಲಿ, ಕೇಂದ್ರ ಸರ್ಕಾರ ಕೊಡುತ್ತದೆ. 7,000 ರೂ. ಶಿಷ್ಯವೇತನಕ್ಕೆ ಶೇ. 25 ಎಂದರೆ 1,750 ಆಗುತ್ತದೆ, ಆದರೆ ಮಿತಿಯಿಂದಾಗಿ ಬರುವುದು 1,500. ಉಳಿದ 5,500 ನಿಮ್ಮದು. 2023ರಿಂದ ಈ ಪಾಲು ನೇರವಾಗಿ ಅಪ್ರೆಂಟಿಸ್ ಖಾತೆಗೇ ಹೋಗುತ್ತಿದೆ. ಹಿಂದಿನ ಹಾಗೆ ಪೂರ್ತಿ ಹಣ ಕೊಟ್ಟು ಆಮೇಲೆ ಸರ್ಕಾರದಿಂದ ವಾಪಸು ಪಡೆಯುವ ಪದ್ಧತಿಯಲ್ಲ. ಸರ್ಕಾರದ ಪಾಲು ಕೆಲವೊಮ್ಮೆ ತಡವಾಗಿ ಬರುತ್ತದೆ ಎಂದು ಹುಡುಗರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ "ಕಂಪನಿಯವರು 1,500 ಹಿಡಿದುಕೊಂಡರು" ಎಂಬ ಮಾತು ಹುಟ್ಟುತ್ತದೆ.

ಪೀಸ್ ರೇಟ್ ಕಡೆಗೆ ಹೋಗಲೇಬೇಡಿ. ತುಂಡಿಗೆ ಇಷ್ಟು ಎಂದು ಕೊಡುವುದನ್ನೂ ಪ್ರೊಡಕ್ಷನ್ ಇನ್ಸೆಂಟಿವ್‌ಗೆ ಅಪ್ರೆಂಟಿಸ್‌ಗಳನ್ನು ಸೇರಿಸುವುದನ್ನೂ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ. ಸಲಹೆಗಾರರ ಒಪ್ಪಿಗೆ ಇಲ್ಲದೆ ಓಟಿ ಮಾಡಿಸುವಂತೆಯೂ ಇಲ್ಲ. "ಆರ್ಡರ್ ಅರ್ಜೆಂಟ್ ಇತ್ತು" ಎಂಬುದು ಅವರು ಒಪ್ಪುವ ಕಾರಣವಲ್ಲ.

ಕಾಯ್ದೆಯಡಿ ನೋಂದಣಿಯಾದ ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಕಟ್ಟಬೇಕಿಲ್ಲ. ನೋಂದಣಿ ಮಾಡದೆ "ಟ್ರೈನಿ" ಎಂದು ಹೆಸರಿಟ್ಟುಕೊಂಡವರಿಗೆ ಈ ವಿನಾಯಿತಿ ಇಲ್ಲ. ಪಿಎಫ್ ತಪಾಸಣೆಯಲ್ಲಿ ಹಳೆಯ ಬಾಕಿ ಬಡ್ಡಿ ಸಮೇತ ತಲೆಮೇಲೆ ಬೀಳುವುದು ಇಂಥ ಕಡೆ. ಇಎಸ್‌ಐ ಇಲ್ಲ ಎಂದಮೇಲೆ ಅಪಘಾತವಾದರೆ ಪರಿಹಾರ ಕೊಡಬೇಕಾದವರು ನೀವೇ. ಒಂದು ಗುಂಪು ಅಪಘಾತ ವಿಮೆ ಮಾಡಿಸಿಡಿ.

ಹಂತ 7: ಅಭ್ಯರ್ಥಿ ಮತ್ತು ಒಪ್ಪಂದ

ಪೋರ್ಟಲ್‌ನಲ್ಲಿ ಅವಕಾಶವನ್ನು ಪ್ರಕಟಿಸಿದ ಮೇಲೆ ಅಭ್ಯರ್ಥಿ ಅರ್ಜಿ ಹಾಕುತ್ತಾರೆ, ನೀವು ಆಫರ್ ಕಳಿಸುತ್ತೀರಿ, ಅವರು ಒಪ್ಪುತ್ತಾರೆ, ಒಪ್ಪಂದ ಸಿದ್ಧವಾಗುತ್ತದೆ. ಒಪ್ಪಂದದ ವಿವರವನ್ನು 7 ದಿನದೊಳಗೆ ಪೋರ್ಟಲ್‌ಗೆ ಹಾಕಬೇಕು. ಆಕ್ಷೇಪಣೆ ಇದ್ದರೆ ಸಲಹೆಗಾರರು 15 ದಿನದೊಳಗೆ ತಿಳಿಸಬೇಕು, ಸರಿಯಿದ್ದರೆ 30 ದಿನದೊಳಗೆ ನೋಂದಾಯಿಸಬೇಕು. ಕನಿಷ್ಠ ವಯಸ್ಸು 14, ಅಪಾಯಕಾರಿ ಉದ್ಯಮಗಳಿಗೆ 18. ಹದಿನೆಂಟು ತುಂಬದಿದ್ದರೆ ಪೋಷಕರ ಸಹಿ ಬೇಕು.

ಒಪ್ಪಂದಗಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ನಾಲ್ಕು ಕಡೆ.

ಹೆಸರಿನ ವ್ಯತ್ಯಾಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಊರಿನ ಹೆಸರೂ ಸೇರಿ ಇನ್ನೊಂದು. ನಮ್ಮ ಕಡೆಯ ಇನಿಷಿಯಲ್ ಪದ್ಧತಿಗೂ ಕಂಪ್ಯೂಟರಿಗೂ ಎಣ್ಣೆ-ಸೀಗೆಕಾಯಿ. ಆಯ್ಕೆಯಾದ ದಿನವೇ ಮೂರೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸವಿದ್ದರೆ ಆಧಾರ್ ಸೇವಾ ಕೇಂದ್ರಕ್ಕೆ ಕಳಿಸಿ.

ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿದ್ದರೆ ಸಾಲದು, ಸರ್ಕಾರದ ಹಣ ಆ ಖಾತೆಗೇ ಬರುವಂತೆ ಆಧಾರ್ ಸೀಡಿಂಗ್ ಆಗಿರಬೇಕು. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಹಣ ಹೋಗುವುದು ಕೊನೆಗೆ ಸೀಡಿಂಗ್ ಆದ ಖಾತೆಗೆ. "ನನಗೆ ಹಣ ಬಂದಿಲ್ಲ" ಎನ್ನುವವರಲ್ಲಿ ಕೆಲವರ ಹಣ ವಿದ್ಯಾರ್ಥಿವೇತನಕ್ಕೆಂದು ತೆರೆದು ಮರೆತ ಹಳೆಯ ಖಾತೆಯಲ್ಲಿ ಬಿದ್ದಿರುತ್ತದೆ.

ಹಳೆಯ ಒಪ್ಪಂದ. ಅಭ್ಯರ್ಥಿ ಈ ಹಿಂದೆ ಬೇರೆಡೆ ಅಪ್ರೆಂಟಿಸ್ ಆಗಿದ್ದು, ನಡುವೆ ಬಿಟ್ಟುಬಂದಿದ್ದು, ಆ ಒಪ್ಪಂದವನ್ನು ಯಾರೂ ಮುಚ್ಚಿರದಿದ್ದರೆ ಹೊಸದು ಮುಂದೆ ಸಾಗುವುದಿಲ್ಲ. ಸಂದರ್ಶನದಲ್ಲೇ ಕೇಳಿಕೊಳ್ಳಿ.

ದಿನಾಂಕ. ಹುಡುಗ ಜೂನ್ 1ಕ್ಕೆ ಬಂದ, ಒಪ್ಪಂದ ಆಗಸ್ಟ್ 10ಕ್ಕೆ ಆಯಿತು ಎಂದರೆ ನಡುವಿನ ಎಪ್ಪತ್ತು ದಿನ ತರಬೇತಿಯಲ್ಲ. ಹಿಂದಿನ ದಿನಾಂಕ ಹಾಕಿಕೊಳ್ಳುವ ದಾರಿ ಹುಡುಕಬೇಡಿ. ಆ ಅವಧಿಯಲ್ಲಿ ಕೈಗೆ ಪೆಟ್ಟಾದರೆ ಅವನು ಅಪ್ರೆಂಟಿಸ್ ಅಲ್ಲ, ದಾಖಲೆಯಲ್ಲಿಲ್ಲದ ಕೆಲಸಗಾರ. ಒಪ್ಪಂದ ಆದಮೇಲೆಯೇ ಗೇಟಿನೊಳಗೆ ಬಿಡಿ.

ಹಂತ 8: ತರಬೇತಿ ನಡೆಯುವಾಗ

ಪ್ರತಿ ಅಪ್ರೆಂಟಿಸ್‌ಗೆ 200 ಪುಟದ ಒಂದು ಉದ್ದ ನೋಟ್‌ಬುಕ್ ಕೊಡಿ. ಇಂದು ಯಾವ ಯಂತ್ರ, ಏನು ಮಾಡಿದೆ, ಯಾವ ಅಳತೆ, ಎಲ್ಲಿ ತಪ್ಪಿತು ಎಂದು ದಿನಕ್ಕೆ ನಾಲ್ಕು ಸಾಲು ಬರೆಯಲಿ, ವಾರಕ್ಕೊಮ್ಮೆ ಸೂಪರ್‌ವೈಸರ್ ಸಹಿ ಹಾಕಲಿ. ಕನ್ನಡದಲ್ಲೇ ಬರೆಯಲಿ, ತೊಂದರೆಯಿಲ್ಲ. ತಪಾಸಣೆಗೆ ಬಂದವರು ಮೊದಲು ಕೇಳುವುದು ಇದನ್ನು ಮತ್ತು ಹಾಜರಿಯನ್ನು. ತಿಂಗಳ ಕೊನೆಯಲ್ಲಿ ಮೂವತ್ತು ದಿನದ್ದನ್ನು ಒಂದೇ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ಬರೆದರೆ ಪುಟ ತಿರುವಿದ ತಕ್ಷಣ ಗೊತ್ತಾಗುತ್ತದೆ.

ಶಿಷ್ಯವೇತನ ಮುಂದಿನ ತಿಂಗಳ 10ರೊಳಗೆ ಬ್ಯಾಂಕ್ ಖಾತೆಗೆ ಹೋಗಬೇಕು. ಕೈಗೆ ನಗದು ಕೊಟ್ಟದ್ದು ಲೆಕ್ಕಕ್ಕೆ ಸಿಗುವುದಿಲ್ಲ. ನೀವು ಕೊಟ್ಟ ವಿವರವನ್ನು ಆಯಾ ತಿಂಗಳೇ ಪೋರ್ಟಲ್‌ನಲ್ಲಿ ತುಂಬಿ. ಅದು ಬಾಕಿ ಉಳಿದರೆ ಸರ್ಕಾರದ ಪಾಲೂ ಅಲ್ಲೇ ನಿಲ್ಲುತ್ತದೆ. ರಜೆ ನಿಮ್ಮ ಸಂಸ್ಥೆಯಲ್ಲಿ ಉಳಿದವರಿಗೆ ಇರುವಂತೆಯೇ.

ಹಂತ 9: ಪರೀಕ್ಷೆ, ಪ್ರಮಾಣಪತ್ರ

ನಿಗದಿತ ಟ್ರೇಡ್‌ಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ಐಚ್ಛಿಕ ಟ್ರೇಡ್‌ಗೆ ಕೌಶಲ ಮಂಡಳಿಯ ಮೌಲ್ಯಮಾಪನ. ರೈಲ್ವೆ ಮತ್ತು ಸಾರ್ವಜನಿಕ ಉದ್ಯಮಗಳ ನೇಮಕಾತಿಯಲ್ಲಿ ಕೇಳುವ "ಎನ್‌ಎಸಿ" ಎಂದರೆ ಈ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರವೇ. ಪರೀಕ್ಷೆಗೆ ಎರಡು ತಿಂಗಳಿರುವಾಗಲೇ ಹಾಜರಿ, ಫೋಟೊ, ಹೆಸರಿನ ಕಾಗುಣಿತ ಎಲ್ಲ ಸರಿಯಿದೆಯೇ ನೋಡಿ. ಪ್ರಮಾಣಪತ್ರ ಮುದ್ರಣವಾದ ಮೇಲೆ ಒಂದು ಅಕ್ಷರ ತಿದ್ದಿಸಲು ಹುಡುಗ ತಿಂಗಳುಗಟ್ಟಲೆ ಅಲೆಯುತ್ತಾನೆ. ಕೊನೆಯ ಆರು ವಾರ ವಾರಕ್ಕೆರಡು ಸಂಜೆ ಥಿಯರಿ ಮತ್ತು ವರ್ಕ್‌ಶಾಪ್ ಲೆಕ್ಕ ಹೇಳಿಕೊಡಿ. ಕೈಕೆಲಸ ಚೆನ್ನಾಗಿ ಬಂದವರು ಎಡವುವುದು ಲೆಕ್ಕದಲ್ಲಿ.

ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ನಿಯಮವಿಲ್ಲ. ಆದರೆ ಅಪ್ರೆಂಟಿಸ್ ಮುಗಿಸಿದವರ ನೇಮಕಾತಿ ಕುರಿತು ಸಂಸ್ಥೆಗೆ ತನ್ನದೇ ಒಂದು ನೀತಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಒಂದು ಪುಟದಲ್ಲಿ ಬರೆದು ಫೈಲಿನಲ್ಲಿಡಿ, ಸೇರುವ ದಿನವೇ ಅವರಿಗೆ ಓದಿ ಹೇಳಿ.

ನಡುವೆ ಬಿಟ್ಟುಹೋಗುವವರು ಇದ್ದೇ ಇರುತ್ತಾರೆ. ಹಬ್ಬಕ್ಕೆಂದು ಊರಿಗೆ ಹೋದವನು ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಗೆರೆ ಎಳೆದು ಸುಮ್ಮನಾಗಬೇಡಿ. ನೋಂದಾಯಿತ ಅಂಚೆಯಲ್ಲಿ ಒಂದು ಪತ್ರ ಕಳಿಸಿ, ಉತ್ತರ ಬರದಿದ್ದರೆ ಕಾರಣ ತೋರಿಸಿ ಪೋರ್ಟಲ್‌ನಲ್ಲೇ ಒಪ್ಪಂದ ರದ್ದತಿಗೆ ಅರ್ಜಿ ಹಾಕಿ. ಅದು ತೆರೆದೇ ಇದ್ದರೆ ನಿಮ್ಮ ಲೆಕ್ಕದಲ್ಲಿ ಒಂದು ಸೀಟು ಹಿಡಿದುಕೊಂಡಿರುತ್ತದೆ, ಅವನೂ ಬೇರೆಲ್ಲೂ ಸೇರಲಾರ.